ಮಾಳಿಗೆಯ ಮೇಲಿನ ಹುಲ್ಲು

ನಮ್ಮ ಇಳಕಲ್ಲಿನಲ್ಲಿ ಒಂದು ಮನೆಯವರ ಯೋಗಕ್ಷೇಮ ತಿಳಿಯಲು ಬಾಗಿಲು ಬಡಿಯಬೇಕಾಗಿಲ್ಲ. ತಲೆಯೆತ್ತಿ ಮಾಳಿಗೆಯ ಅಂಚನ್ನು ನೋಡಿದರೆ ಸಾಕು. ಮಳೆಗಾಲಕ್ಕೆ ಮುಂಚೆ ಮಣ್ಣಿನ ಮಾಳಿಗೆಯ ಹುಲ್ಲು ಕಿತ್ತು, ನೀರು ಇಳಿಯಗೊಡದ ಸವಳು ಮಣ್ಣು ಹೊಸದಾಗಿ ಹರಡಿ ತುಳಿಯುವ ಶಕ್ತಿ ಮನೆಯಲ್ಲಿದ್ದರೆ ಅಂಚು ಬೋಳಾಗಿರುತ್ತದೆ. ಇಲ್ಲದಿದ್ದರೆ ಹುಲ್ಲು ಬೆಳೆದು, ಅದರ ಬೇರಿನ ಜಾಡು ಹಿಡಿದು ನೀರು ಒಳಗಿಳಿಯುತ್ತದೆ. ವಾರಪತ್ರಿಕೆಗೆ ಸುದ್ದಿ ಬರೆಯುವ ನಾನು ಇಷ್ಟು ಬಲ್ಲವನಾಗಿಯೂ ಈ ವರ್ಷ ತಲೆಯೆತ್ತಲು ಮರೆತೆ.

ಬಡ ವೃದ್ಧರ ಮನೆಗಳ ದುರಸ್ತಿಗೆಂದು ಊರ ಹಿರಿಯರು ಒಂದು ಸಮಿತಿ ಮಾಡಿದ್ದರು. ಬೇಸಿಗೆಯ ಕೊನೆಗೆ, ಜಿಲ್ಲೆಯ ಸಾಹೇಬರು ಊರು ನೋಡಲು ಬರುವ ಹೊತ್ತಿಗೆ, ಒಂದು ಓಣಿಯ ಮನೆಗಳೆಲ್ಲ ಸುಣ್ಣ ಬಳಿಸಿಕೊಂಡು, ಕೆಮ್ಮಣ್ಣಿನ ಪಟ್ಟಿ ಬರೆಸಿಕೊಂಡು, ಮದುವೆಗೆ ಹೊರಟ ಮುದುಕರಂತೆ ಸಾಲಾಗಿ ನಿಂತವು. ನಾನು ಬೀದಿಯಲ್ಲೇ ಕೊಡೆ ಹಿಡಿದು ನಿಂತು ನೋಡಿ, ‘ವೃದ್ಧರ ಗೃಹಗಳಿಗೆ ಪುನರ್ಜನ್ಮ’ ಎಂದು ಬರೆದೆ. ಒಳಗೆ ಹೋಗಲಿಲ್ಲ, ಬಾಗಿಲು ತಗ್ಗಾಗಿತ್ತು, ನನ್ನ ರುಮಾಲು ದೊಡ್ಡದಾಗಿತ್ತು.

ಮೊದಲ ಮಳೆಯ ಮರುದಿನ ಆ ಓಣಿಯ ಬೀಬವ್ವ ನನ್ನನ್ನು ಕರೆದಳು. ಗಂಡ ತೀರಿದ ಮೇಲೆ ಅವನ ಮಗ್ಗದಲ್ಲಿ ತಾನೇ ಸೀರೆ ನೇಯ್ದು ಬದುಕಿದ ಮುದುಕಿ. ಒಳಗೆ, ನೇಯುವಾಗ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಇನ್ನೊಂದು ಮಳೆಗೆ ಮಗ್ಗದ ಮೇಲೆಯೇ ಮುರಿದು ಬೀಳುವಂತೆ ತೊಲೆ ಬಾಗಿತ್ತು.

“ಮಳಿ ಬೀದಿ ಕಡಿಂದ ಬರ್ತದೇನ್ರಿ?” ಎಂದಳು. “ಮ್ಯಾಲಿಂದ ಬರ್ತದ ಅಂತ ಸಮಿತಿಯವ್ರಿಗೆ ಭಾಳ ಹೇಳ್ದೆ. ‘ಮೊದ್ಲ ಸುಣ್ಣ ಆಗ್ಲಿ ಬೇ’ ಅಂದ್ರು.”

ಸಮಿತಿಯ ಯಜಮಾನರನ್ನು ಕೇಳಿದರೆ ಅವರು ಎಲೆಯಡಿಕೆ ಮೆಲ್ಲುತ್ತ, “ಸಾಹೇಬ್ರು ಕುದುರಿ ಮ್ಯಾಲ ಓಣಿ ಹಾದು ಹೋಗವ್ರು. ಮಾಳಿಗಿ ಹತ್ತಿ ನೋಡ್ತಾರೇನ್ರಿ? ಬರಿಯೂಕಿಂತ ಮೊದ್ಲ ನೀವಾದ್ರೂ ಹತ್ತಿ ನೋಡಿದ್ರೇನು?” ಎಂದರು.

ಇದನ್ನು ಅಲಕ್ಷ್ಯವೆಂದು ಕರೆದರೆ ಸಮಿತಿಗೆ ಉಪಕಾರ ಮಾಡಿದಂತಾದೀತು. ಅಲಕ್ಷ್ಯ ಮಾಡುವವನು ಬರುವುದೇ ಇಲ್ಲ. ಇವರು ಬಂದರು, ಏಣಿ ತಂದು ಗೋಡೆಗೆ ಆನಿಸಿದರು, ಕೊನೆಯ ಎರಡು ಮೆಟ್ಟಿಲು ಏರದೆ ಇಳಿದುಹೋದರು. ಕುದುರೆಯ ಮೇಲಿನವನ ಕಣ್ಣಿನ ಎತ್ತರಕ್ಕೆ ನಿಂತುಬಿಡುವ ನೆರವು ಮನೆಯವಳಿಗೆ ಮಾಡಿದ್ದಲ್ಲ, ಓದುಗರೇ, ಕುದುರೆಯ ಮೇಲಿನವನಿಗೆ ಮಾಡಿದ್ದು.

ಎಲ್ಲವನ್ನೂ ಬರೆಯುತ್ತೇನೆಂದು ಬೀಬವ್ವನಿಗೆ ಮಾತು ಕೊಟ್ಟೆ.

“ಬರೀರಿ. ಅದು ಅಚ್ಚಾಗೂದ್ರಾಗ ಇನ್ನೊಂದು ಮಳಿ ಆಗಿರ್ತದ,” ಎಂದು ಮಣ್ಣಿನ ಬುಟ್ಟಿಯನ್ನು ನನ್ನತ್ತ ನೂಕಿದಳು.

ಪಕ್ಕದ ಇಬ್ಬರು ನೇಕಾರರೊಡನೆ ಎರಡು ದಿನ ಹುಲ್ಲು ಕಿತ್ತು, ಮಣ್ಣು ಹೊತ್ತು, ತೊಲೆಗೆ ಬೇವಿನ ಕಂಬ ಆನಿಸಿದೆವು. ಮೂರನೆಯ ದಿನ ಮಳೆ ಸುರಿಯಿತು. ಕುಣಿಗೆ ಹನಿ ಬೀಳಲಿಲ್ಲ. ನನ್ನ ತಿದ್ದುಪಡಿಯೂ ಅಚ್ಚಾಯಿತು. ಯಜಮಾನರು ಓದಿ ನಕ್ಕರಂತೆ.

ಈಗ ನಾನು ತಲೆಯೆತ್ತಿಯೇ ನಡೆಯುತ್ತೇನೆ. ಬೀಬವ್ವನ ಮಾಳಿಗೆಯ ಅಂಚು ಬೋಳಾಗಿದೆ. ಅದರ ಆಚೀಚೆ ಅದೇ ಸಾಲಿನ ಎಲ್ಲ ಮನೆಗಳ ಮೇಲೂ ಹುಲ್ಲು ಬೆಳೆದಿದೆ. ಕೆಳಗಿನ ಸುಣ್ಣ ಅಷ್ಟು ಬೆಳ್ಳಗಿರುವುದರಿಂದ ಅದು ಇನ್ನಷ್ಟು ಹಸಿರಾಗಿ ಕಾಣುತ್ತದೆ.