ಘಾಟಲ್ಲದ ಕೆಮ್ಮು

ಬ್ಯಾಡಗಿಯಲ್ಲಿ ರೈಲಿನಿಂದ ಇಳಿದವಳೇ ಸೀನಿದೆ. ಸೀನು ನಿಲ್ಲಲಿಲ್ಲ, ಆಮೇಲೆ ಕೆಮ್ಮು, ಕಣ್ಣಲ್ಲಿ ಧಾರಾಕಾರ ನೀರು. ನಮ್ಮ ಮಂಗಳೂರಿನಲ್ಲಾದರೆ ನಾಲ್ಕು ಜನ ಓಡಿ ಬರುತ್ತಿದ್ದರು. ಇಲ್ಲಿ ಯಾರೂ ತಿರುಗಿಯೂ ನೋಡಲಿಲ್ಲ. ಮೆಣಸಿನಕಾಯಿಯ ಹಂಗಾಮು, ಗಾಳಿ ಮಾರುಕಟ್ಟೆಯ ಕಡೆಯಿಂದ ಬೀಸುತ್ತಿತ್ತು.

ನನಗೆ ಕೆಲಸ ಹಾವೇರಿಯ ಒಂದು ಪ್ರಯೋಗಾಲಯದಲ್ಲಿ. ಗಂಟಿನೊಳಗಿಂದ ಸೂಜಿಯಲ್ಲಿ ತೆಗೆದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಹೇಳುವುದು. ಮನೆ ಸಿಕ್ಕಿದ್ದು ಬ್ಯಾಡಗಿಯಲ್ಲಿ, ನೀಲವ್ವನವರ ಮಹಡಿಯ ಮೇಲೆ. ಕೆಳಗೆ ಅವರು, ಮತ್ತು ದಲಾಲಿ ಅಂಗಡಿ ನಡೆಸುವ ಮಗ ಬಸವರಾಜ.

ನನ್ನ ಕೆಮ್ಮು ಕೇಳಿ ನೀಲವ್ವ ನಕ್ಕರು. "ಘಾಟ್ ರೀ ಬಾಯಾರ, ಅಷ್ಟ. ಅದು ಹತ್ತದಂಗ ಆತಂದ್ರ ನೀವು ನಮ್ಮೂರವ್ರ ಆದ್ರಿ."

ಘಾಟು ಎಂದರೆ ಮೂಗಿಗೇರುವ ಖಾರದ ಗಾಳಿ. ಈ ಊರಲ್ಲಿ ಎಲ್ಲ ಕೆಮ್ಮಿಗೂ ಅದೇ ಹೆಸರು. ನೀರುದೋಸೆ ತಿಂದು ಬೆಳೆದ ನಾನು ಅವರು ಕಳಿಸುವ ಖಡಕ್ ರೊಟ್ಟಿ, ಶೇಂಗಾ ಚಟ್ನಿಗೆ ಒಗ್ಗಿಕೊಂಡೆ. "ಬರ್ರಿ, ಕುಂದ್ರಿ" ಅನ್ನುವುದನ್ನೂ ಕಲಿತೆ. ಮುಂದಿನ ಹಂಗಾಮಿಗೆ ನನ್ನ ಕೆಮ್ಮು ನಿಂತಿತ್ತು. ಕೆಮ್ಮತೊಡಗಿದ್ದು ನೀಲವ್ವ.

ಒಂದು ಸಂಜೆ ತಟ್ಟೆ ಇಡಲು ಬಾಗಿದಾಗ ಅವರ ಸೆರಗು ಸರಿಯಿತು. ಕೊರಳ ಬುಡದಲ್ಲಿ ಶೇಂಗಾ ಬೀಜದಷ್ಟು ಗಂಟು ಕಂಡಿತು. "ಘಾಟಿಗೆ ಸೂಜಿ ಯಾಕ್ರಿ?" ಎಂದು ಜಗಳ ತೆಗೆದವರನ್ನು ಬಿಡದೆ ಹಾವೇರಿಗೆ ಕರೆದೊಯ್ದೆ.

ಅವರ ಗಂಟಿನ ಕೋಶಗಳಿದ್ದ ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದಡಿ ಇಡುವ ಮೊದಲು ಕ್ಷಯವಾಗಿರಲಿ ಎಂದು ಬೇಡಿಕೊಂಡೆ. ಕ್ಷಯಕ್ಕೆ ಮಾತ್ರೆಯಿದೆ. ಕಂಡದ್ದು ಬೇರೆ: ಒಂದರ ಮೇಲೊಂದು ಒತ್ತರಿಸಿದ ದೊಡ್ಡ ಕೋಶಗಳು, ಅವುಗಳ ಕೇಂದ್ರ ಕಪ್ಪಗೆ ಊದಿತ್ತು. ಶ್ವಾಸಕೋಶದಿಂದ ಹೊರಟು ಕೊರಳಲ್ಲಿ ಮನೆ ಮಾಡಿಕೊಂಡ ಕ್ಯಾನ್ಸರ್ ಇರಬೇಕು. ಸಾವಿರ ಗಾಜು ನೋಡಿದ ನಾನು ಈ ಒಂದನ್ನು ಮತ್ತೆ ಮತ್ತೆ ನೋಡಿದೆ.

ಬಸವರಾಜನಿಗೆ ಹೇಳಿದೆ. ಅವನು ಕೈ ಮುಗಿದ. "ಅವ್ವಗ ಹೇಳಬ್ಯಾಡ್ರಿ. ಘಾಟು ಅಂತನ ಅನ್ರಿ. ಹುಬ್ಬಳ್ಳಿಗೆ ನಾ ಕರಕೊಂಡ ಹೋಗ್ತೇನಿ." ನನಗೆ ಸಿಟ್ಟು ಬಂತು. ರೋಗ ಅವರದು, ತಿಳಿಯುವ ಹಕ್ಕೂ ಅವರದೇ.

ಸಂಜೆ ನೀಲವ್ವ ರೊಟ್ಟಿ ತಂದು ಬಾಗಿಲು ಹಾಕಿದರು. "ಖರೇ ಹೇಳ್ರಿ. ಇದು ಘಾಟಲ್ಲ, ಹೌದಿಲ್ಲೋ?"

"ಅಲ್ಲ, ಅವ್ವಾ." ಹಾಗೆ ಕರೆದದ್ದು ಅದೇ ಮೊದಲು.

ರೊಟ್ಟಿಯ ತಟ್ಟೆಯನ್ನು ನನ್ನ ಕಡೆ ಸರಿಸಿ ಅವರು ಹೇಳಿದರು: "ನನ್ನ ಮಗಗ ಹೇಳಬ್ಯಾಡ್ರಿ. ಅಂವಾ ಹೆದರ್ತಾನ. ಘಾಟು ಅಂತನ ಅನ್ರಿ."

ಈಗ ತಾಯಿ ಮಗ ಹುಬ್ಬಳ್ಳಿಗೆ ಹೋಗಿ ಬರುತ್ತಾರೆ. ಅವನು ಘಾಟಿನ ಔಷಧ ಅನ್ನುತ್ತಾನೆ, ಅವರು ಹೂಂ ಅನ್ನುತ್ತಾರೆ. ಅವರ ಕೂದಲು ಉದುರುತ್ತಿದೆ. ಮಹಡಿಯ ಮೇಲೆ ನಾನು ಇಬ್ಬರ ಗುಟ್ಟನ್ನೂ ಹೊತ್ತು, ಕೆಳಗಿನ ಕೆಮ್ಮಿಗೆ ಕಿವಿಗೊಟ್ಟು ಕೂತಿರುತ್ತೇನೆ.

ರಜೆಯಲ್ಲಿ ಮಂಗಳೂರಿಗೆ ಹೋದಾಗ ಅಮ್ಮ ಕೇಳಿದರು: "ವಾಪಸ್ ಬಾ ಮಾರಾಯ್ತಿ. ಅಲ್ಲಿ ನಿನಗೆ ಎಂತ ಉಂಟು?" ಅವ್ವ ಇದ್ದಾರೆ ಅನ್ನಲು ಹೋಗಿ ನಾಲಿಗೆ ತಡೆಯಿತು. ಎಷ್ಟು ದಿನ ಇರುತ್ತಾರೋ ನನಗೆ ಗೊತ್ತಿಲ್ಲ.

ಮೊನ್ನೆ ಬ್ಯಾಡಗಿಯಲ್ಲಿ ಇಳಿದಾಗ ನನಗೆ ಸೀನು ಬರಲಿಲ್ಲ. ಜೊತೆಗಿಳಿದ ಪರವೂರಿನ ಹುಡುಗಿ ಕೆಮ್ಮುತ್ತ, ಇದೇನು ಎಂದು ಕೇಳಿದಳು.

"ಘಾಟ್ ರೀ, ಅಷ್ಟ" ಎಂದೆ. ಅನ್ನುತ್ತಲೇ ಅವಳ ಕೊರಳು ನೋಡಿದೆ.