ನೆಲದ ಸೀತಾಳೆ ಮಲಗಿದ್ದ ವರ್ಷ

ಗುಂಡ್ಲುಪೇಟೆಯ ಕಾಲೇಜಿನಲ್ಲಿ ನನ್ನ ಅತಿಥಿ ಉಪನ್ಯಾಸಕಿ ಕೆಲಸ ನಿಂತುಹೋದ ವರ್ಷವೇ ಗೋಪಾಲಸ್ವಾಮಿ ಬೆಟ್ಟದ ಮೇಲೆ ಗಿಡ ಎಣಿಸುವ ಕೆಲಸ ಸಿಕ್ಕಿತು. ಮೈಸೂರಿನ ಪ್ರೊಫೆಸರೊಬ್ಬರು ನೆತ್ತಿಯ ಹುಲ್ಲುಗಾವಲಿನಲ್ಲಿ ಎಂಟು ಚೌಕ ಗುರುತಿಸಿ ಗೂಟ ನೆಡಿಸಿದ್ದರು. ಬಿಸಿಲು ಏರಿ, ಮಳೆ ಹಿಂದುಮುಂದಾದಾಗ ಎತ್ತರದ ಜಾಗದ ಗಿಡಗಳು ಏನು ಮಾಡುತ್ತವೆ ಎಂದು ತಿಳಿಯಬೇಕಿತ್ತು ಅವರಿಗೆ. ಇಳಿಜಾರಿನ ಗಿಡವಾದರೆ ತಂಪು ಹುಡುಕಿಕೊಂಡು ತಲೆಮಾರಿಗೊಂದಿಷ್ಟು ಮೇಲೆ ಸರಿಯಬಹುದು. ನೆತ್ತಿಯಲ್ಲಿರುವುದು ಎಲ್ಲಿಗೆ ಹೋಗಬೇಕು?

ತಿಂಗಳಿಗೊಮ್ಮೆ ನನ್ನೂರು ಬೇಗೂರಿನಿಂದ ಬೆಳಗಿನ ಬಸ್ಸು ಹಿಡಿದು ಹೊರಡುತ್ತಿದ್ದೆ. ಬೆಟ್ಟದ ಮೇಲೆ ಅರಣ್ಯ ಕಾವಲಿನ ಕೆಲಸದ ಒಬ್ಬ ಹೆಂಗಸು ನನಗಾಗಿ ಕಾಯುತ್ತಿದ್ದರು. ಐವತ್ತು ದಾಟಿದವರು. ಆನೆ ಇಲ್ಲವೆಂದು ಖಾತ್ರಿ ಮಾಡಿಕೊಂಡು ನನ್ನನ್ನು ಚೌಕಗಳವರೆಗೆ ಕರೆದೊಯ್ಯುವುದು ಅವರ ಹೊಣೆ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರಿಗೆ ನಾನು ಮೇಡಮ್ಮ.

ಚೌಕಗಳಲ್ಲಿ ನಾವು ಮುಖ್ಯವಾಗಿ ನೋಡುತ್ತಿದ್ದುದು ನೆಲದ ಸೀತಾಳೆಯನ್ನು. ಮಳೆಗಾಲದಲ್ಲಿ ಗೇಣುದ್ದ ಕಡ್ಡಿಯೆದ್ದು ಬಿಳಿ ಹೂ ಬಿಡುವ, ಉಳಿದ ಕಾಲವೆಲ್ಲ ಮಣ್ಣೊಳಗಿನ ಗೆಡ್ಡೆಯಾಗಿ ಇರುವ ಗಿಡ. ಮೊದಲ ವರ್ಷ ಎಂಟೂ ಚೌಕಗಳಲ್ಲಿ ಹೂವಿತ್ತು. ಎರಡನೆಯ ವರ್ಷ ಬೇಸಿಗೆ ಮುಗಿಯಲೇ ಇಲ್ಲ. ತಡವಾಗಿ ಮಳೆ ಬಂದಾಗ ಹುಲ್ಲು ಚಿಗುರಿತು, ಸೀತಾಳೆ ಏಳಲಿಲ್ಲ. ಇನ್ನೊಂದು ತಿಂಗಳು ಕಾದೆ. ಆಮೇಲೆ ಮಂಡಿಯೂರಿ ಕೂತು ಎಣಿಕೆಯ ಪುಸ್ತಕದಲ್ಲಿ ಎಂಟು ಚೌಕಗಳ ಎದುರೂ ‘ಸತ್ತಿದೆ’ ಎಂದು ಬರೆದೆ.

ಅಕ್ಕ ಬಗ್ಗಿ ನೋಡಿದರು. “ಸತ್ತದೆ ಅಂತ ಬರ್ಕೊಬುಟ್ರಾ?”

“ಒಂದೂ ಎದ್ದಿಲ್ಲವಲ್ಲ ಅಕ್ಕ.”

“ಎದ್ದಿಲ್ಲ ನಿಜ. ಒಂದೊಂದ್ ವರ್ಸ ಮನೀಕತದೆ ಕಣಿ ಇದು. ನಾ ನೋಡಿವ್ನಿ.”

ಹಾಗಾದರೆ ಗೆಡ್ಡೆಯನ್ನೇ ನೋಡೋಣವೆಂದು ಚೀಲದಿಂದ ಚಾಕು ತೆಗೆದೆ. ಅಕ್ಕ ನನ್ನ ಕೈ ಹಿಡಿದರು. “ಬ್ಯಾಡ ಬುಡಿ. ಮನಗಿರೋರ್ನ ಬಗ್ದು ತೆಗ್ದು ಬದ್ಕಿದ್ದೀಯಾ ಅಂತ ಯಾರಾದ್ರೂ ಕೇಳ್ತಾರಾ? ಬರೋ ವರ್ಸ ತಾನೇ ಯೋಳ್ತದೆ.”

ವರ್ಷಗಟ್ಟಲೆ ಮಕ್ಕಳಿಗೆ ಸಸ್ಯಶಾಸ್ತ್ರ ಪಾಠ ಮಾಡಿದವಳು ನಾನು. ಗೆಡ್ಡೆ ಎಂದರೆ ಏನೆಂದು ಗೊತ್ತಿದ್ದೂ ಅವಸರಪಟ್ಟೆನೆಂದು ನಾಚಿಕೆಯಾಯಿತು. ಚಾಕು ಒಳಗಿಟ್ಟು, ಎಂಟೂ ಕಡೆ ಹೊಡೆದುಹಾಕಿ ‘ಕಾಣಲಿಲ್ಲ’ ಎಂದು ಬರೆದೆ.

ಪ್ರೊಫೆಸರಿಗೆ ಅದು ಹಿಡಿಸಲಿಲ್ಲ. “ಇದೆಯೋ ಇಲ್ಲವೋ, ಒಂದು ಹೇಳಿ” ಎಂದರು ಫೋನಿನಲ್ಲಿ. ಆ ಚೌಕಗಳನ್ನು ಕೈಬಿಟ್ಟು ಬೇರೆ ಗಿಡ ನೋಡುವ ಯೋಚನೆ ಅವರದು. ನಾನು ಇನ್ನೊಂದು ಮಳೆಗಾಲ ಕೊಡಿ ಎಂದು ಕೇಳಿದೆ. ಯಾಕೆ ಎಂದರು. ಕಾವಲಿನ ಅಕ್ಕನ ಮಾತು ಹೇಳಿದೆ. “ಸರಿ, ಗೂಟ ಹಾಗೇ ಇರಲಿ” ಎಂದರು.

ಆ ಒಂದು ವರ್ಷ ನನಗೆ ಬಲು ಉದ್ದವಾಯಿತು. ಅಡುಗೆ ಮಾಡುವಾಗಲೂ ಮೋಡ ಯಾವ ಕಡೆಗೆ ಹೋಗುತ್ತಿದೆ ಎಂದು ಕಿಟಕಿಯಲ್ಲಿ ಇಣುಕುತ್ತಿದ್ದೆ.

ಮುಂದಿನ ಮಳೆಗಾಲದಲ್ಲಿ ಬಸ್ಸಿಳಿದಾಗ ಮಂಜು ಮುಸುಕಿತ್ತು. ಅಕ್ಕ ಮುಂದೆ ನಡೆದರು. ಮೊದಲ ಚೌಕ ಖಾಲಿ. ಎರಡನೆಯದರಲ್ಲಿ ಹುಲ್ಲಿನ ನಡುವೆ ಬಿಳಿ ಹೂ ಹೊತ್ತ ನಾಲ್ಕು ಕಡ್ಡಿಗಳು ನಿಂತಿದ್ದವು. ಒಟ್ಟು ಐದು ಚೌಕಗಳಲ್ಲಿ ಎದ್ದಿದ್ದವು. ಮೂರರಲ್ಲಿ ಇಲ್ಲ. ಬಡಗಣ ಬದಿಗೆ ಇಳಿದು ನೋಡಿದರೆ, ಬಂಡೆಯ ನೆರಳಿನ ಹಸಿ ಮಣ್ಣಿನಲ್ಲಿ, ಹಿಂದೆ ನಾವು ಒಂದನ್ನೂ ಕಾಣದ ಜಾಗದಲ್ಲಿ, ಏಳೆಂಟು ಪುಟ್ಟ ಸಸಿಗಳು. ಮೇಲೆ ಹೋಗಲು ದಾರಿಯಿಲ್ಲದ ಗಿಡ ಪಕ್ಕದ ತಂಪಿಗೆ ಬೀಜ ತೂರಿತ್ತು. ನಾನು ಒದ್ದೆ ನೆಲದಲ್ಲೇ ಕೂತು ಅತ್ತೆ. ಅಕ್ಕ ಸೆರಗಿನಿಂದ ನನ್ನ ಪುಸ್ತಕದ ಮೇಲಿನ ಹನಿ ಒರೆಸಿ, “ಮೊದ್ಲು ಬರ್ಕೊಳಿ” ಎಂದರು.

ಮುಂದಿನ ವಾರ ಪ್ರೊಫೆಸರೇ ಬಂದರು. ಸಸಿಗಳ ಸುತ್ತ ಹೊಸ ಗೂಟ ನೆಟ್ಟು, ಅಕ್ಕನ ಕಡೆ ತಿರುಗಿ, “ನೀವು ಹೇಳಿದ್ದೇ ಸರಿಯಾಯ್ತಮ್ಮ” ಎಂದರು.

“ಎಲ್ಲಾವೂ ಎದ್ದಿಲ್ವಲ್ಲ ಸಾ” ಎಂದರು ಅಕ್ಕ. “ಇನ್ನೂ ಮೂರ್ ಬಾಕಿ ಅವೆ.”