ಜಗಲಿ ಏರಿದ ಹಕ್ಕಿಗಳು

ಹಳೆಯ ಪುಸ್ತಕಗಳ ಹುಚ್ಚು ನನಗೆ ಹತ್ತಿದ್ದು ಹುಕ್ಕೇರಿಯ ಒಂದು ರದ್ದಿ ಅಂಗಡಿಯಲ್ಲಿ. ಆಗ ನಾನು ಗೋಕಾಕದಲ್ಲಿ ಚಿತ್ರಕಲೆಯ ಮಾಸ್ತರ. ತೂಕಕ್ಕೆ ಹಾಕಿದ ಕಾಗದದ ರಾಶಿಯಲ್ಲಿ ರಟ್ಟು ಕಿತ್ತ ಒಂದು ಮರಾಠಿ ಪುಸ್ತಕ ಕೈಗೆ ಬಂತು. ಒಳಗೊಂದು ದಾಳಿಂಬೆಯ ಚಿತ್ರ. ಗೆರೆ ಮಾತ್ರ ಅಚ್ಚಿನದು, ಬಣ್ಣ ಯಾರೋ ಕುಂಚ ಹಿಡಿದು ತುಂಬಿದ್ದು. ಕೈಯಿಂದ ತುಂಬಿದ ಬಣ್ಣ ಅಲ್ಲಲ್ಲಿ ಗೆರೆ ದಾಟುತ್ತದೆ, ನೀರು ಒಣಗಿದ ಅಂಚು ಕಾಣುತ್ತದೆ. ಆ ದಾಳಿಂಬೆಯ ಕೆಂಪು ಒಂದು ಕಡೆ ಎಲೆಯ ಮೇಲೆ ಹರಿದಿತ್ತು. ನೂರು ವರ್ಷದ ಹಿಂದೆ ಯಾರದೋ ಕೈ ಜಾರಿದ್ದು ಇನ್ನೂ ಹಾಗೇ ಇದೆಯಲ್ಲ ಎಂದು ಮೈ ಜುಮ್ಮೆಂದಿತು. ಅಂದಿನಿಂದ ರವಿವಾರ ಬಂತೆಂದರೆ ನಾನು ಮನೆಯಲ್ಲಿಲ್ಲ. "ನಮ್ಮ ಮನಿಯವರಿಗೆ ಹೊಸಾ ಅಂಗಿ ಬ್ಯಾಡ್ರಿ, ಹುಳಾ ತಿಂದ ಹಾಳಿ ಸಿಕ್ಕರ ಅದ ಹಬ್ಬ," ಎಂದು ನನ್ನ ಹೆಂಡತಿ ಬೀಗರ ಮುಂದೆಯೇ ಹೇಳುತ್ತಿದ್ದಳು.

ಇಪ್ಪತ್ತು ವರ್ಷದಲ್ಲಿ ಒಂದು ಕಪಾಟು ತುಂಬಿತು. ಆದರೆ ನನಗೆ ಖರೆ ಬೇಕಾಗಿದ್ದ ಪುಸ್ತಕ ಆ ಕಪಾಟಿನಲ್ಲಿರಲಿಲ್ಲ. ಅದು ಮೂಡಲಗಿಯಲ್ಲಿ, ನನ್ನ ಅಕ್ಕನ ಟ್ರಂಕಿನಲ್ಲಿತ್ತು.

ಅದು ನಮ್ಮ ಆಯಿಯ ಪುಸ್ತಕ. ಆಯಿ ಅಂದರೆ ಅವ್ವನ ಅವ್ವ. ಕಲ್ಲಚ್ಚಿನಲ್ಲಿ ಮುದ್ರಿಸಿದ ಹಕ್ಕಿಗಳ ಪುಸ್ತಕ. ಬಣ್ಣ ತುಂಬಿದ ಪ್ರತಿ ತುಟ್ಟಿ ಎಂದು ಆಯಿಯ ಅಪ್ಪ ಬರೀ ಗೆರೆಯ ಪ್ರತಿಯನ್ನು ತಂದಿದ್ದನಂತೆ. ಹುಕ್ಕೇರಿಯ ಮನೆಯ ಪಡಸಾಲೆಯಲ್ಲಿ ಕೂತು, ಇನ್ನೂ ಮದುವೆಯಾಗದ ಆಯಿ ಒಂದೊಂದೇ ಹಕ್ಕಿಗೆ ಬಣ್ಣ ತುಂಬಿದಳು. ಕಂಡ ಹಕ್ಕಿಗೆ ಕಂಡ ಬಣ್ಣ, ಕಾಣದ ಹಕ್ಕಿಗೆ ಮನಸ್ಸಿಗೆ ಬಂದದ್ದು. ಉದ್ದ ಕೊಕ್ಕಿನ ಯಾವುದೋ ಕಾಡುಹಕ್ಕಿಗೆ ಬದನೆಕಾಯಿಯ ಬಣ್ಣ ಬಳಿದಿದ್ದಳು. ಕೊನೆಯ ಪುಟದ ನವಿಲಿಗೆ ಕುತ್ತಿಗೆಯವರೆಗೆ ಮಾತ್ರ ಬಣ್ಣ. ಅಷ್ಟರಲ್ಲಿ ಅವಳ ಮದುವೆ ಗೊತ್ತಾಯಿತು. ಮುಂದೆ ಎಷ್ಟೋ ವರ್ಷ ಬದುಕಿದರೂ ಆಯಿ ಆ ನವಿಲಿನ ಗರಿ ಮುಟ್ಟಲಿಲ್ಲ. ಕೇಳಿದರೆ, "ಹೊತ್ತ ಎಲ್ಲೈತೋ ಮಗನ?" ಎನ್ನುತ್ತಿದ್ದಳು.

ಆಯಿ ಹಾಸಿಗೆ ಹಿಡಿದಾಗ ಚಾಕರಿ ಮಾಡಿದವಳು ಅಕ್ಕ. ಪುಸ್ತಕ ಅವಳಿಗೆ ಬಂತು. ಅದು ನ್ಯಾಯವೇ, ಆದರೆ ನಾನು ಒಪ್ಪಿಕೊಳ್ಳಲಿಲ್ಲ.

ಮೊದಲು ನಾಗರ ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಹೋದರೆ ಹೋದೆ, ಇಲ್ಲದಿದ್ದರೆ ಇಲ್ಲ. ಪುಸ್ತಕದ ಹುಚ್ಚು ಹತ್ತಿದ ಮೇಲೆ ತಿಂಗಳಿಗೊಮ್ಮೆ ಮೂಡಲಗಿಗೆ ಹೋಗತೊಡಗಿದೆ. ಬಸ್ಸು ನಾಗನೂರ ದಾಟುವಾಗಲೇ ಪುಸ್ತಕ ಮುಟ್ಟಲು ನನ್ನ ಬೆರಳು ಕಡಿಯುತ್ತಿದ್ದವು. ಹೋದವನೇ ಕೈ ತೊಳೆದು, ನೆಲಕ್ಕೆ ಮಡಿಸಿದ ಧೋತರ ಹಾಸಿ ಕೂರುತ್ತಿದ್ದೆ. ಅಕ್ಕ ಟ್ರಂಕಿನಿಂದ ಪುಸ್ತಕ ತೆಗೆದು, ಹುಳ ಹತ್ತದಿರಲೆಂದು ಇಟ್ಟ ಬೇವಿನ ಎಲೆ ಝಾಡಿಸಿ ಕೊಡುತ್ತಿದ್ದಳು. ನಾನು ಹಾಳೆ ತಿರುವುತ್ತಿದ್ದರೆ ಅವಳು ಎದುರಿಗೆ ಕೂತು ಹೆಂಡತಿ ಹೇಗಿದ್ದಾಳೆ, ನಿನ್ನ ಮೊಣಕಾಲು ನೋವು ಹೇಗಿದೆ ಎಂದು ಕೇಳುತ್ತಿದ್ದಳು. ನಾನು ತಲೆ ಎತ್ತದೆ ಹೂಂಗುಟ್ಟುತ್ತಿದ್ದೆ. ಏಳುವಾಗ ಮಾತ್ರ ಬಾಯಿ ಬಿಡುತ್ತಿದ್ದೆ.

"ಅಕ್ಕಾ, ಪುಸ್ತಕ ನನಗ ಕೊಡಬಾರ್ದ? ಛಲೋ ಇಡ್ತೀನಿ."

"ನಾ ಸತ್ತ ಮ್ಯಾಲ ಒಯ್ಯೊ ತಮ್ಮಾ. ಈಗ ರೊಟ್ಟಿ ಉಣ್ಣು."

ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಗೊಣಗುತ್ತ ಬಸ್ಸು ಹತ್ತುತ್ತಿದ್ದೆ. ಓದಲು ಬಾರದವಳಿಗೆ ಈ ಪುಸ್ತಕ ಯಾಕೆ ಬೇಕು ಎಂದು ಸಿಟ್ಟು ಬರುತ್ತಿತ್ತು. ಅಷ್ಟು ಸಣ್ಣವನಾಗಿದ್ದೆ ನಾನು.

ಒಮ್ಮೆ ಕೊಲ್ಹಾಪುರದ ಕಡೆಯ ಒಬ್ಬ ಹಳೆ ಸಾಮಾನಿನ ವ್ಯಾಪಾರಿ ನನ್ನ ಕಪಾಟು ನೋಡಲು ಬಂದ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಗೊತ್ತಿದ್ದೂ, ದೊಡ್ಡಸ್ತಿಕೆ ತೋರಿಸಲು ಹೋಗಿ ಆಯಿಯ ಪುಸ್ತಕದ ಮಾತು ಎತ್ತಿದೆ. ಅವನ ಕಣ್ಣು ಅಗಲವಾದವು. ಯಾವ ಊರು, ಯಾವ ಓಣಿ ಎಂದು ಕೇಳಿಕೊಂಡ. ಅವನು ಅತ್ತ ಹೋದ ಕೂಡಲೇ ನಾನು ಇತ್ತ ಮೂಡಲಗಿಗೆ ಓಡಿದೆ. ಅಕ್ಕ ಮೋಸ ಹೋದಾಳು ಎಂಬ ಚಿಂತೆಗಿಂತ ಪುಸ್ತಕ ನನ್ನ ಕೈ ತಪ್ಪೀತು ಎಂಬ ಭಯವೇ ದೊಡ್ಡದಿತ್ತು. ದೇವರ ಮುಂದೆ ಎಂದೂ ಕೈ ಮುಗಿಯದ ನಾನು ಅಂದು ಸ್ವಾಮಿಗಳ ಹಾಗೆ ಮಾತಾಡಿದೆ.

"ಅಕ್ಕಾ, ಇದು ಬರೇ ಹಕ್ಕಿ ಪುಸ್ತಕ ಅಂತ ತಿಳೀಬ್ಯಾಡ. ಆಯಿ ಕೈ ಆಡಿದ್ದು, ದೇವರ ಸಮಾನ. ಪರರ ಕೈಗೆ ಕೊಟ್ಟರ ಮನಿಗೆ ಛಲೋ ಅಲ್ಲ."

ಅಕ್ಕ ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡಳು. ವಾರದ ನಂತರ ವ್ಯಾಪಾರಿಯ ಫೋನು ಬಂತು. "ನಿಮ್ಮ ಅಕ್ಕಾರು ದೇವರ ಪುಸ್ತಕ ಐತಿ ಅಂತ ಹೇಳಿ ಮುಟ್ಟಾಕೂ ಕೊಡಲಿಲ್ರಿ," ಎಂದ. ನಾನು ನಕ್ಕೆ. ಎಂಥ ಶಾಣ್ಯಾ ನಾನು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅದೇ ವರ್ಷ ಮೊಣಕಾಲಿನ ಆಪರೇಶನ್ ಆಯಿತು. ಹತ್ತು ತಿಂಗಳು ಮೂಡಲಗಿಯ ಕಡೆ ಹೋಗಲಾಗಲಿಲ್ಲ. ಕೋಲು ಊರಿಕೊಂಡು ಮತ್ತೆ ಹೋದಾಗ ದೀಪಾವಳಿ ಹತ್ತಿರ ಬಂದಿತ್ತು. ಕೈ ತೊಳೆದು, ಧೋತರ ಹಾಸಿ ಕೂತೆ. ಅಕ್ಕ ಟ್ರಂಕಿನ ಕಡೆ ಹೋಗಲಿಲ್ಲ.

"ಪುಸ್ತಕ ಇಲ್ಲೊ ತಮ್ಮಾ. ಹೊಳಿಯಾಗ ಬಿಟ್ಟೆ."

ನನಗೆ ಮೊದಲು ತಿಳಿಯಲೇ ಇಲ್ಲ. ಅವಳು ನಿಧಾನವಾಗಿ ಹೇಳಿದಳು. ನಾನು ಹೇಳಿ ಹೋದ ದಿನವೇ ಪುಸ್ತಕವನ್ನು ಟ್ರಂಕಿನಿಂದ ತೆಗೆದು ದೇವರ ಜಗಲಿಯ ಮೇಲೆ ಇಟ್ಟಿದ್ದಳು. ದಿನವೂ ವಿಭೂತಿ, ಕುಂಕುಮ, ಊದಿನಕಡ್ಡಿ. ದೀಪದ ಎಣ್ಣೆ ಸಿಡಿದು ಹಾಳೆಗಳು ಅಂಟಿಕೊಂಡವು. ಎಣ್ಣೆಯ ವಾಸನೆಗೆ ಇಲಿ ಬಂದು ಹೊಲಿಗೆ ಕಡಿಯಿತು, ಹಕ್ಕಿಗಳು ಬಿಡಿ ಬಿಡಿಯಾದವು. ಒಡೆದು ಭಿನ್ನವಾದ ದೇವರನ್ನು ನಮ್ಮಲ್ಲಿ ಮನೆಯೊಳಗೆ ಇಡುವುದಿಲ್ಲ. ಮಹಾನವಮಿ ಹಬ್ಬದ ಮುಂಚಿನ ಅಮಾವಾಸ್ಯೆಗೆ ಮನೆ ಸಾರಿಸಿ, ಹಾಸಿಗೆ ಒಗೆಯಲು ಘಟಪ್ರಭಾ ಹೊಳೆಗೆ ಹೋದಾಗ, ಒಡೆದ ದೇವರ ಫೋಟೋ, ಹರಿದ ಪುರಾಣಗಳ ಜೊತೆ ಆಯಿಯ ಪುಸ್ತಕವನ್ನೂ ಹೊಸ ಕುಪ್ಪಸದ ಬಟ್ಟೆಯಲ್ಲಿ ಕಟ್ಟಿ, ಹೂವೇರಿಸಿ, ನೀರಿಗೆ ಬಿಟ್ಟಿದ್ದಳು.

"ನಿನ್ನ ತಲಿ ನೆಟ್ಟಗ ಐತಿಲ್ಲ?" ಎಂದು ಕೂಗಿದೆ. "ಒಂದ ಫೋನ್ ಮಾಡಾಕ ಏನಾಗಿತ್ತ?"

"ನೀನ ಹೇಳಿದ್ಯಲ್ಲೋ, ದೇವರ ಸಮಾನ ಅಂತ. ದೇವರಿಗೆ ಮಾಡೂದ ಮಾಡಿದೆ."

ಟ್ರಂಕಿನ ಕತ್ತಲೆಯಲ್ಲಿ, ಬೇವಿನ ಎಲೆಯ ನಡುವೆ ಆ ಹಕ್ಕಿಗಳು ಸುಖವಾಗಿದ್ದವು. ಅವನ್ನು ಜಗಲಿ ಏರಿಸಿದವನು ನಾನು. ವ್ಯಾಪಾರಿ ಒಯ್ದಿದ್ದರೂ ಎಲ್ಲೋ ಯಾರದೋ ಗಾಜಿನ ಕಪಾಟಿನಲ್ಲಿ ಉಳಿಯುತ್ತಿದ್ದವು. ನಾನು ಅತ್ತೆ. ಅರವತ್ತೆಂಟರ ಗಂಡಸು, ಕೋಲು ಬಾಜೂಕ ಇಟ್ಟು, ಅಕ್ಕನ ಮುಂದೆ ಅತ್ತೆ.

ಅವಳು ನೀರು ತಂದಿಟ್ಟಳು. ಎದುರಿಗೆ ಕೂತು ಹೇಳಿದಳು.

"ಕೊಡಬಾರ್ದು ಅಂತ ಇರಲಿಲ್ಲೋ ನನಗ. ನಾ ಏನ ಮಾಡ್ತಿದ್ದೆ ಅದನ್ನ? ಕೊಟ್ಟಿದ್ರ ನೀ ಬರೂದು ಬಿಡ್ತಿದ್ದಿ. ಇನ್ನ ಪುಸ್ತಕನೂ ಇಲ್ಲ. ಬರ್ತೀಯೋ ಇಲ್ಲೋ?"

ಹಾಗೇಕೆ ಅಂತೀ ಎಂದು ತಕ್ಷಣ ಹೇಳಬೇಕಿತ್ತು. ಬದಲಿಗೆ ಅವಳು ತಂದಿಟ್ಟ ನೀರು ಕುಡಿದೆ. ಅವಳು ಹೇಳಿದ್ದು ಖರೆ ಇತ್ತು, ಅದು ಇಬ್ಬರಿಗೂ ಗೊತ್ತಿತ್ತು.

ಈಗಲೂ ತಿಂಗಳಿಗೊಮ್ಮೆ ಹೋಗುತ್ತೇನೆ. ರೂಢಿಗೆ ಬಿದ್ದು ಮೊದಲು ಕೈ ತೊಳೆಯುತ್ತೇನೆ. ಆಮೇಲೆ ಆ ಒದ್ದೆ ಕೈಗಳನ್ನು ಏನು ಮಾಡಬೇಕೋ ತಿಳಿಯದೆ ನಿಂತಿರುತ್ತೇನೆ. ಅಕ್ಕ ರೊಟ್ಟಿಯ ತಾಟು ಇಟ್ಟು, ಮೊಣಕಾಲು ಹೇಗಿದೆ ಎಂದು ಕೇಳುತ್ತಾಳೆ. ನಾನು ತಲೆ ಎತ್ತಿ ಹೇಳುತ್ತೇನೆ. ಅವಳಿಗೆ ಈಗ ಕಿವಿ ಸರಿಯಾಗಿ ಕೇಳಿಸುವುದಿಲ್ಲ.